ಗಿಡ್ಡಪ್ಪ ಮೇಸ್ತ್ರಿಯ ಎಲೆ

ಮಲ್ಲಂದೂರಿನ ರಾಮಮ್ಮನ ಕೈಯಲ್ಲಿ ಮೊಳೆಯದ ಕಾಫಿ ಬೀಜ ಇಲ್ಲ ಅನ್ನುತ್ತಾರೆ. ಗಂಡ ಹೋದ ಮೇಲೆ ಮನೆ ಹಿಂದಿನ ಇಳಿಜಾರಿನಲ್ಲಿ ಮಡಿ ಮಾಡಿ, ಚಪ್ಪರ ಹಾಕಿ, ಒಬ್ಬಳೇ ನರ್ಸರಿ ಎಬ್ಬಿಸಿದವಳು. ಎಂಥ ದೊಡ್ಡ ಎಸ್ಟೇಟಿನವರೇ ಬರಲಿ, ಬೇರು ಡೊಂಕಾದ ಸಸಿಯನ್ನು ಮಾರುವುದಿಲ್ಲ. ನಿಮ್ಮ ತೋಟ ಹಾಳಾದರೆ ನಾಳೆ ನೆಡಬಹುದು, ಗಿಡ್ಡಪ್ಪ ಮೇಸ್ತ್ರಿಯ ಮೊಮ್ಮಗಳು ಹೀಗೆ ಮಾಡಿದಳು ಅಂತ ಹೆಸರು ಕೆಟ್ಟರೆ ಯಾವ ಮಡಿಯಲ್ಲಿ ಬಿತ್ತಲಿ ಎಂದು ಕೇಳುತ್ತಾಳೆ.

ಗಿಡ್ಡಪ್ಪ ಅವಳ ತಾಯಿಯ ಅಪ್ಪ. ಬಯಲುಸೀಮೆಯಿಂದ ಆಳುಗಳನ್ನು ಕರೆತಂದು, ಎಸ್ಟೇಟಿನಲ್ಲಿ ಸಾಲಾಗಿ ಕಟ್ಟಿದ ಲೈನ್‌ಮನೆಗಳಲ್ಲಿ ಇಳಿಸಿ, ಕೆಲಸ ಮಾಡಿಸಿದ ಮೇಸ್ತ್ರಿ. ಊಟ ಬಡಿಸುವಾಗಲೂ ತಲೆ ಬಾಚುವಾಗಲೂ ತಾಯಿ ಹೇಳಿದ್ದು ಒಂದೇ ಕತೆ: ನಿನ್ನಜ್ಜ ಇಷ್ಟು ಜನಕ್ಕೆ ಸೂರು ಕೊಟ್ಟವರು. ಆ ಕತೆಯ ಮೇಲೇ ರಾಮಮ್ಮ ಬೆಳೆದಳು. ವಿಧವೆಯಾದಾಗ ಬೆನ್ನು ಬಾಗದೆ ನಿಂತದ್ದೂ ಅದರ ಬಲದಿಂದಲೇ.

ಎರಡು ಮಳೆಗಾಲದ ಹಿಂದೆ ದಿವ್ಯಾ ಅನ್ನುವ ಹೆಣ್ಣುಮಗಳು ಊರಿಗೆ ಬಂದಳು. ಈ ಗುಡ್ಡಗಳ ಚರಿತ್ರೆ ಬರೆಯುತ್ತಿದ್ದಳು. ಪಂಡಿತರಿಗಲ್ಲ, ಬಸ್ಸಿನಲ್ಲಿ ಕೂತು ಓದುವವರಿಗೆ. ತೋಟದ ಮಾಲೀಕರ ಚರಿತ್ರೆ ಎಲ್ಲರೂ ಬರೆದಾಗಿದೆ, ನಾನು ಕೆಲಸ ಮಾಡಿದವರದ್ದು ಬರೀತೀನಿ ಅಂದಳು. ರಾಮಮ್ಮ ಅವಳನ್ನು ಮನೆಯಲ್ಲೇ ಇಳಿಸಿಕೊಂಡು, ಕಡುಬು ಕೋಳಿಸಾರು ಮಾಡಿ ಬಡಿಸಿ, ಅಜ್ಜನ ಕತೆಯನ್ನೆಲ್ಲ ಹೇಳಿದಳು. ನಾನು ಹೇಳಿದರೆ ಮೊಮ್ಮಗಳು ಹೊಗಳಿಕೊಂಡಳು ಅಂತಾರೆ, ಕಣ್ಣಾರೆ ಕಂಡವರು ಹೇಳಲಿ ಎಂದು ತಾನೇ ಕೈ ಹಿಡಿದು ಕೆಳಗಿನ ಲೈನಿಗೆ ಕರೆದೊಯ್ದು ಕಲ್ಲಮ್ಮನ ಮುಂದೆ ಕೂರಿಸಿದಳು. ಕಲ್ಲಮ್ಮ ಎಂಬತ್ತು ದಾಟಿದ ಮುದುಕಿ, ಗಿಡ್ಡಪ್ಪನ ಕಾಲದಲ್ಲಿ ಪುಟ್ಟ ಹುಡುಗಿ. ಇವಳಿಗೆ ನಮ್ಮಜ್ಜನ ವಿಷಯ ಒಂದೂ ಬಿಡದೆ ಹೇಳು ಮಾರಾಯ್ತಿ ಅಂತ ಹೇಳಿ, ರಾಮಮ್ಮ ನರ್ಸರಿಗೆ ನೀರು ಹಾಕಲು ಹೋದಳು.

ಈ ವರ್ಷ ಪುಸ್ತಕ ಬಂತು. ಚಿಕ್ಕಮಗಳೂರಿನಲ್ಲಿ ಜನ ಮುಗಿಬಿದ್ದು ಕೊಳ್ಳುತ್ತಿದ್ದಾರಂತೆ ಎಂದು ಸುದ್ದಿ. ದಿವ್ಯಾ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಿದಳು. ಮೊದಲು ನೀವೊಬ್ಬರೇ ಓದಿ, ಆಮೇಲೆ ನನಗೆ ಫೋನ್ ಮಾಡಿ ಎಂದು ಕಟ್ಟಿನ ಮೇಲೇ ಬರೆದಿದ್ದಳು. ಆದರೆ ರಾಮಮ್ಮನ ಮನೆಯಲ್ಲಿ ಒಂದು ಪದ್ಧತಿ. ಹೊಸ ಅಕ್ಕಿಯಾಗಲಿ, ಹೊಸ ಸೀರೆಯಾಗಲಿ, ಮೊದಲು ಹಿರಿಯರ ಮುಂದೆ ಇಡಬೇಕು, ಆಮೇಲೆ ಮುಟ್ಟಬೇಕು. ಮಹಾಲಯ ಅಮಾವಾಸ್ಯೆ ಹತ್ತಿರವಿತ್ತು. ಅಜ್ಜನ ಹೆಸರಿರುವ ಪುಸ್ತಕವನ್ನು ಅಜ್ಜನಿಗಿಂತ ಮೊದಲು ಬಿಚ್ಚುವುದುಂಟೇ? ಕಟ್ಟು ಬಿಚ್ಚದೆ ದೇವರ ಗೂಡಿನಲ್ಲಿಟ್ಟಳು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಗುರುವಯ್ಯ ಬಂದಾಗಲೆಲ್ಲ ಕೆಣಕಿದ: "ಎಂಥದು ರಾಮಮ್ಮ, ಪುಸ್ತಕನ ಕಾವಿಗೆ ಕೂರಿಸಿದ್ದೀಯ? ಮರಿ ಆದ್ರೆ ನಂಗೊಂದು ಕೊಡು."

ಅಮಾವಾಸ್ಯೆ ಬಂತು. ಲೈನಿನವರೆಲ್ಲ ಎಂದಿನಂತೆ ಬಂದರು. ರಾಮಮ್ಮ ಒಳಗಿನ ಕೋಣೆಯಲ್ಲಿ ಅಪ್ಪ, ಅಮ್ಮ, ಗಂಡ, ಅಜ್ಜ ಎಲ್ಲರಿಗೂ ಬೇರೆಬೇರೆ ಬಾಳೆಲೆ ಹಾಕಿ ಎಡೆ ಬಡಿಸಿದಳು. ಅಜ್ಜನ ಎಲೆ ಎಲ್ಲರದಕ್ಕಿಂತ ದೊಡ್ಡದು. ಒಣಮೀನು, ಕೋಳಿ, ಕೆಸುವಿನ ಗೆಡ್ಡೆ, ಪಕ್ಕದಲ್ಲಿ ಬೀಡಿ. ಧೂಪ ಹಾಕಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ, ಎಲ್ಲರೂ ಜಗಲಿಗೆ ಬಂದು ಕೂತರು. ಹಿರಿಯರು ಉಣ್ಣುವುದನ್ನು ಬದುಕಿದವರು ನೋಡಬಾರದು. ಅವರದಾದ ಮೇಲೆ ಬಾಗಿಲು ತೆಗೆದು, ಆ ಎಲೆಗಳ ಅನ್ನವನ್ನೇ ಕಲೆಸಿ ಎಲ್ಲರಿಗೂ ಹಂಚಬೇಕು.

ಆ ಕಾಯುವ ಹೊತ್ತಿನಲ್ಲೇ ರಾಮಮ್ಮ ಪುಸ್ತಕ ಬಿಚ್ಚಿದಳು. ಇವತ್ತು ಬೇಡ, ಊಟ ಆಗಲಿ, ಎಲ್ಲಿ ಓಡಿಹೋಗುತ್ತೆ ಎಂದು ಕಲ್ಲಮ್ಮ ತಡೆದಳು. ತನ್ನ ಮಾತೂ ಪುಸ್ತಕದಲ್ಲಿ ಬಂದಿದೆಯೆಂದು ಮುದುಕಿಗೆ ನಾಚಿಕೆ ಅಂದುಕೊಂಡು ರಾಮಮ್ಮ ನಕ್ಕಳು. ಹಾಳೆ ಮಗುಚುತ್ತ ಮಗುಚುತ್ತ ಅಜ್ಜನ ಹೆಸರು ಸಿಕ್ಕಿದ ಕೂಡಲೇ, ಅಂಗಳದ ಆಚೆಯವರಿಗೂ ಕೇಳಲಿ ಎಂದು ದನಿ ಎತ್ತಿ ಓದಿದಳು.

"ಆಳುಗಳನ್ನು ಕರೆತಂದವರಲ್ಲಿ ಗಿಡ್ಡಪ್ಪ ಮೇಸ್ತ್ರಿ ಹೆಸರಾದವನು. ಒಂದು ಮಳೆಗಾಲದಲ್ಲಿ ಕೆಲವರು ಕೆಲಸ ಬಿಟ್ಟು ಊರಿಗೆ ಹೊರಟಾಗ ಅವರನ್ನು ದಾರಿಯಲ್ಲೇ ಹಿಡಿದು ತಂದ. ಇನ್ನು ಯಾರೂ ಹೊರಡಬಾರದೆಂದು, ಸುರಿಯುವ ಆಷಾಢದಲ್ಲಿ, ಅವರ ಲೈನಿನ ಸೂರಿನ ಹುಲ್ಲನ್ನೆಲ್ಲ ಕೀಳಿಸಿದ. ತಾಯಂದಿರು ಕಂಬಳಿಯೊಳಗೆ ಮಕ್ಕಳನ್ನಿಟ್ಟುಕೊಂಡು ನೆನೆದರು. ಎಳೆಯ ಮಕ್ಕಳು ಉಳಿಯಲಿಲ್ಲ. ಹೀಗೆಂದು ಹೇಳಿದವರು ಕಲ್ಲಮ್ಮ. ಸತ್ತವರಲ್ಲಿ ಒಬ್ಬ ಅವರ ತಮ್ಮ."

ಓದುವ ಬಾಯಿ ಮುಂದೆ ಹೋಗಿತ್ತು, ತಲೆಗೆ ಆಮೇಲೆ ತಿಳಿಯಿತು. ಕೊನೆಯ ಸಾಲಿನವರೆಗೂ ಅದೇ ದೊಡ್ಡ ದನಿಯಲ್ಲಿ ಓದಿಬಿಟ್ಟಿದ್ದಳು. ತಲೆ ಎತ್ತಿದರೆ ಯಾರ ಮುಖದಲ್ಲೂ ಆಶ್ಚರ್ಯವಿಲ್ಲ. ಗುರುವಯ್ಯ ನೆಲ ನೋಡುತ್ತಿದ್ದ. ರಾಮಮ್ಮನಿಗೆ ಕಾಲಿನ ಕೆಳಗಿನ ಮಣ್ಣು ಜರಿದದ್ದು ಆಗ. ಅಜ್ಜ ಮಾಡಿದ್ದು ಒಂದು ಪೆಟ್ಟು. ಊರಿಗೆಲ್ಲ ಗೊತ್ತಿದ್ದು ತನಗೊಬ್ಬಳಿಗೆ ಗೊತ್ತಿರಲಿಲ್ಲ ಅನ್ನುವುದು ಇನ್ನೊಂದು.

"ಸುಳ್ಳು ಅನ್ನು, ಕಲ್ಲಕ್ಕ" ಅಂದಳು.

ಕಲ್ಲಮ್ಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ಮತ್ತೆ ಇಷ್ಟು ವರ್ಷ ಬಂದು ಅವನ ಎಲೆ ಅನ್ನ ಹೇಗೆ ಉಂಡೆ?"

"ನಿಮ್ಮಮ್ಮ ಕರೀತಿದ್ಲು. ಬರದಿದ್ರೆ ಯಾಕೆ ಅಂತ ಕೇಳ್ತಿದ್ಲು. ಕೇಳಿದ್ರೆ ಹೇಳ್ಬೇಕಾಗ್ತಿತ್ತು." ಮುದುಕಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಎಡೆ ಇಟ್ಟ ಮನೇಲಿ ಸತ್ತವರನ್ನ ಬಯ್ಯಬಾರದು. ಬೇರೆ ದಿನ ಯಾರೂ ಕೇಳ್ಲಿಲ್ಲ. ಆ ಹುಡುಗಿ ಕೇಳಿದ್ಲು, ಹೇಳ್ದೆ. ನೀನೇ ತಾನೇ ಕರ್ಕೊಂಡು ಬಂದಿದ್ದು, ಒಂದೂ ಬಿಡ್ಬೇಡ ಅಂದೆ."

ಒಳಗೆ ಅನ್ನ ಆರುತ್ತಿತ್ತು. ಬಾಗಿಲು ತೆಗೆಯಬೇಕಾದವಳು ರಾಮಮ್ಮನೇ. ತೆಗೆಯದಿದ್ದರೆ ಅಮ್ಮನೂ ಗಂಡನೂ ಒಳಗೇ ಉಳಿದುಬಿಡುತ್ತಾರೆ. ತೆಗೆದರೆ ಅಜ್ಜನ ಅನ್ನವನ್ನು ಕಲ್ಲಮ್ಮನ ಕೈಗೆ ಹಾಕಬೇಕು. ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತಳು. ಯಾರೂ ಅವಸರ ಮಾಡಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ.

ಕೊನೆಗೆ ಬಾಗಿಲು ತೆಗೆದಳು. ಅಪ್ಪನ ಎಲೆ, ಅಮ್ಮನ ಎಲೆ, ಗಂಡನ ಎಲೆ ಹೊರಗೆ ತಂದು ಕಲೆಸಿ ಹಂಚಿದಳು. ಕಲ್ಲಮ್ಮ ಕೈಯೊಡ್ಡಿ ತೆಗೆದುಕೊಂಡು ಉಂಡಳು, ಸಾರಿಗೆ ಖಾರ ಸಾಲದು ಅಂತ ಎಂದಿನ ದೂರನ್ನೂ ಹೇಳಿದಳು.

ಒಳಗೆ ದೊಡ್ಡ ಎಲೆ ಹಾಗೇ ಉಳಿಯಿತು. ಎಲ್ಲರೂ ಹೊರಟ ಮೇಲೆ ಅವಳು ಕಲ್ಲಮ್ಮನನ್ನು ಮೆಟ್ಟಿಲ ಹತ್ತಿರ ತಡೆದು, ಅದನ್ನೇನು ಮಾಡಲಿ ಎಂದು ಕೇಳಿದಳು. ಎಸೆ ಅಂದಿದ್ದರೆ ಎಸೆಯುತ್ತಿದ್ದಳು. ಹೋಗಲಿ ಬಿಡು ಅಂದಿದ್ದರೆ ಕಾಲಿಗೆ ಬೀಳುತ್ತಿದ್ದಳು.

"ನನ್ನನ್ನ ಕೇಳ್ಬೇಡ ರಾಮಿ" ಅಂದಳು ಕಲ್ಲಮ್ಮ. "ಅವನು ನಿನ್ನಜ್ಜ."

ಮುದುಕಿ ಕೋಲೂರಿಕೊಂಡು ಲೈನಿನ ದಾರಿ ಹಿಡಿದಳು. ರಾಮಮ್ಮ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಿತ್ತಲಿಗೆ ಹೋಗಿ, ಕಾಗೆಗೆ ಇಡುವ ಕಲ್ಲಿನ ಮೇಲೆ ಇಟ್ಟಳು. ಇಟ್ಟ ಮೇಲೆ ಹೆಸರು ಹಿಡಿದು ಕರೆಯಬೇಕು, ಇಲ್ಲದಿದ್ದರೆ ಅದು ಸತ್ತವರಿಗೆ ಸೇರುವುದಿಲ್ಲ. ಬಾಯಿ ತೆರೆದಳು. ಎಡೆ ಇಡುವಾಗ ಅಷ್ಟು ಸಲೀಸಾಗಿ ಕರೆದ ಹೆಸರು ಬರಲಿಲ್ಲ. ಸಿಲ್ವರ್ ಓಕ್ ಮರದಿಂದ ಕಾಗೆಯೊಂದು ಇಳಿದು, ಕರೆಯದೆಯೇ ಒಣಮೀನು ಕಚ್ಚಿಕೊಂಡು ಹೋಯಿತು. ರಾಮಮ್ಮ ಅಲ್ಲೇ ನಿಂತಿದ್ದಳು, ಬಾಯಿ ತೆರೆದೇ ಇತ್ತು.