ಜೇನು ತಿನ್ನುವವನು

ಫೆಲ್ಥಮ್‌ನಲ್ಲಿ ವಿಮಾನಗಳಿಗೆ ಊಟದ ಟ್ರೇ ಜೋಡಿಸುವ ಅಡುಗೆಮನೆಯಲ್ಲಿ ಆಗ ನನಗೆ ಕೆಲಸ. ನನ್ನ ಪಕ್ಕ ನಿಲ್ಲುತ್ತಿದ್ದವಳು ಪೋಲೆಂಡಿನವಳು, ನನಗಿಂತ ಹಿರಿಯಳು, ಬಾಯಿಗೆ ಬಿಡುವೇ ಕೊಡದವಳು. ಒಂದು ದಿನ ಮಕ್ಕಳ ಊಟದ ಡಬ್ಬಿಯ ಮೇಲಿದ್ದ ಕರಡಿಯ ಚಿತ್ರ ತೋರಿಸಿ, ನಮ್ಮ ಭಾಷೆಯಲ್ಲಿ ಇದಕ್ಕೆ ನಿಜವಾದ ಹೆಸರೇ ಇಲ್ಲ, ಗೊತ್ತಾ ಎಂದಳು. ಹೆಸರೆತ್ತಿದರೆ ಕರಡಿ ಬಂದೇಬಿಡುತ್ತದೆ ಎಂದು ಹಿಂದಿನವರು ಹೆದರಿ ಅದನ್ನು ಜೇನು ತಿನ್ನುವವನು ಎಂದು ಕರೆದರಂತೆ. ಮ್ಯೆಜ್ವ್ಯೆಚ್. ಬರಬರುತ್ತ ನಾಲಿಗೆ ಹೊರಳಿ ಮೊದಲ ಅಕ್ಷರವೂ ಬದಲಾಗಿ ನ್ಯೆಜ್ವ್ಯೆಚ್ ಆಯಿತಂತೆ. ಈಗ ಅದರೊಳಗೆ ಜೇನೂ ಕೇಳಿಸುವುದಿಲ್ಲ. ಅಸಲು ಹೆಸರಂತೂ ಯಾರಿಗೂ ನೆನಪಿಲ್ಲ.

ನಮ್ಮಲ್ಲೂ ಹಾಗೇ ಎಂದೆ. ಹೊತ್ತು ಮುಳುಗಿದ ಮೇಲೆ ಅಜ್ಜಿ ನಮ್ಮನ್ನು ಹಾವು ಎನ್ನಲು ಬಿಡುತ್ತಿರಲಿಲ್ಲ, ಹುಳ ಎನ್ನಬೇಕು. ಕಚ್ಚಿ ಪ್ರಾಣ ಹೋಗುತ್ತಿದ್ದರೂ 'ಹುಳ ಮುಟ್ಟಿತು', ಅಷ್ಟೇ. ಇಬ್ಬರೂ ನಕ್ಕೆವು. ಕೈಗವಸು ಕಳಚುವಾಗ ನನ್ನ ಅಂಗಿಯ ತೋಳು ಮೇಲೆ ಸರಿಯಿತು. ಅಲ್ಲಿದ್ದ ನೀಲಿ ಕಲೆ ನೋಡಿ, ಇದಕ್ಕೇನು ಹೆಸರು ಎಂದು ಕೇಳಿದಳು. ಬಾಗಿಲು ತಗುಲಿತು ಎಂದೆ. ಅವಳು ಮತ್ತೆ ಕೇಳಲಿಲ್ಲ.

ನಮ್ಮ ಮನೆಯಲ್ಲಿ ಅದರ ಹೆಸರು ಸಿಟ್ಟು. ಇವರಿಗೆ ಸ್ವಲ್ಪ ಸಿಟ್ಟು ಜಾಸ್ತಿ, ಇನ್ನೇನಿಲ್ಲ! ನನ್ನ ವೀಸಾ ಇವರ ಕೆಲಸದ ಬಾಲ ಹಿಡಿದು ಬಂದದ್ದು. ಇವರನ್ನು ಬಿಟ್ಟರೆ ದೇಶವನ್ನೂ ಬಿಡಬೇಕು, ಹೋಗಲು ಇರುವುದು ಮೈಸೂರಿನ ತವರೊಂದೇ. ಬರಲಾ ಎಂದು ಕೇಳಿದಾಗಲೆಲ್ಲ ಅಮ್ಮ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಿದ್ದಳು. ಉಂಡು ಮಲಗಿದ ಮೇಲೂ ತೋಳು ನೋಯುತ್ತದಲ್ಲ, ಅದಕ್ಕೆ ಯಾವ ಗಾದೆಯೂ ಇಲ್ಲ. ಅವಳ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಫೋನಿನಲ್ಲಿ ನಾನೂ ಸಿಟ್ಟು ಎಂದೇ ಹೇಳುತ್ತಿದ್ದೆ.

ಆ ಮಧ್ಯಾಹ್ನ ಶಿಫ್ಟ್ ಮುಗಿದ ಮೇಲೆ ಮನೆಗೆ ಹೋಗುವ ಬಸ್ಸು ಹತ್ತಲು ಮನಸ್ಸಾಗಲಿಲ್ಲ. ಬಸ್‌ಸ್ಟಾಪಿನಲ್ಲೇ ನಿಂತು ಅಮ್ಮನಿಗೆ ಫೋನು ಮಾಡಿದೆ. ಅವಳು ಎಂದಿನಂತೆ ಊಟ ಆಯಿತಾ, ಅಳಿಯಂದಿರು ಹೇಗಿದ್ದಾರೆ, ಸಿಟ್ಟು ಇಳಿಯಿತಾ ಎಂದು ವಿಚಾರಿಸಿದಳು.

"ಸಿಟ್ಟಲ್ಲಮ್ಮ ಅದು. ಹೊಡೀತಾನೆ. ನಾನು ಬಂದ್ಬಿಡ್ತೀನಿ," ಎಂದೆ.

ಆ ಮಾತು ನನ್ನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಅಮ್ಮನ ಕಡೆ ಕುಕ್ಕರ್ ಕೂಗಿತು, ಎದ್ದು ಹೋಗಿ ಒಲೆ ಆರಿಸಿ ಬಂದಳು. ಬಾ ಎನ್ನುತ್ತಾಳೆಂದು ನಾನು ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದೆ.

"ಗಂಡನ್ನ ಹಾಗೆಲ್ಲ ಏಕವಚನದಲ್ಲಿ ಅನ್ಬಾರ್ದು ಕಣೇ," ಎಂದಳು.