ಧಾಬಳಿಗೆ ಹಾಕಿದ ಕತ್ತರಿ

ಪುಣೆಯ ಚಳಿಯನ್ನು ಹೊಗಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ರಜಾಯಿ ಹೊದ್ದು ಮಲಗಿದವರಿಗೆ ಚಳಿ ಹಿತವಾಗಿಯೇ ಇರುತ್ತದೆ. ನಾನು ಮದುವೆಯಾಗಿ ಧಾರವಾಡದಿಂದ ಸದಾಶಿವ ಪೇಟೆಯ ವಾಡೆಯೊಂದಕ್ಕೆ ಬಂದವಳು. ನಮ್ಮ ಕಡೆಯಿಂದಲೇ ಹೋಗಿ ನೆಲೆಸಿದ ಆ ಮನೆಯಲ್ಲಿ ಮೂವರೇ: ವಿಧವೆಯಾದ ಅತ್ತೆ, ಅವರ ಒಬ್ಬನೇ ಮಗ, ಮತ್ತು ನಾನು. ಮಗ ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮನೆಯೊಳಗೆ ಕಾಲಿಟ್ಟರೆ ಮಾತ್ರ ತಾಯಿ ಹೇಳಿದ್ದೇ ವೇದ.

ತಾಯಿ ಹೇಳಿದ್ದೇನೆಂದರೆ, ಸೊಸೆ ಒದ್ದೆ ಮಡಿಯಲ್ಲಿಯೇ ಅಡಿಗೆ ಮಾಡಬೇಕು. ನಸುಕಿನಲ್ಲಿ ಎದ್ದು ಬಾವಿಯ ನೀರು ಸುರಿದುಕೊಳ್ಳುವುದು, ನೀರು ಸೋರುವ ಸೀರೆಯಲ್ಲಿಯೇ ಬಂದು ಒಲೆ ಹಚ್ಚುವುದು. ಒಣಗಿದ ಸೀರೆ ಉಡುತ್ತೇನೆ ಎಂದರೆ ನಡೆಯದು. ವಾಡೆಯ ಅಂಗಳದಲ್ಲಿ ಎಷ್ಟೋ ಮನೆಯವರು ಓಡಾಡುತ್ತಾರೆ, ಅಲ್ಲಿಯ ಗಳದ ಮೇಲೆ ಒಣಗಿದ್ದನ್ನು ಯಾರು ಮುಟ್ಟಿದರೋ ಯಾರು ಬಲ್ಲರು, ಅದು ಮಡಿಯಲ್ಲ ಎಂದು ಅತ್ತೆಯ ತೀರ್ಪು. ಅವರಿಗೆ ಆ ತಾಪತ್ರಯವಿರಲಿಲ್ಲ. ಅವರ ಹತ್ತಿರ ಧಾಬಳಿಯಿತ್ತು. ಧಾಬಳಿ ಎಂದರೆ ಉಣ್ಣೆಯ ಮಡಿಬಟ್ಟೆ. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲವಾದ್ದರಿಂದ ಅದನ್ನು ದಿನವೂ ಒಗೆಯಬೇಕಾಗಿಲ್ಲ. ಸ್ನಾನ ಮುಗಿಸಿ, ಗೂಟದ ಮೇಲಿನ ಆ ಬೆಚ್ಚನೆಯ ಧಾಬಳಿ ಸುತ್ತಿಕೊಂಡು, ಜಪಸರ ಹಿಡಿದು ದೇವರ ಮುಂದೆ ಕುಳಿತರೆ ಅವರ ಮುಖದಲ್ಲಿ ಎಂಥ ಶಾಂತಿ! ಆ ಶಾಂತಿಯನ್ನು ನೋಡುತ್ತ ನಾನು ಹಲ್ಲು ಕಡಿಯುತ್ತ ರೊಟ್ಟಿ ಬಡಿಯುತ್ತಿದ್ದೆ. ಹಲ್ಲು ಕಡಿಯುತ್ತಿದ್ದುದು ಚಳಿಗೆ ಮಾತ್ರವಲ್ಲ.

ಎರಡನೆಯ ಚಳಿಗಾಲಕ್ಕೆ ನನಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಜ್ವರ ಬಿಟ್ಟು ಎದ್ದ ದಿನವೇ ಮತ್ತೆ ಬಾವಿಗೆ ಹೋಗಬೇಕಾಯಿತು. ನಡುಗುತ್ತ ಬಾಗಿಲಲ್ಲಿ ನಿಂತು, ಇವತ್ತೊಂದು ದಿನ ಒಣಗಿದ್ದು ಉಡಲೇ ಎಂದು ಕೇಳಿದೆ.

ಅತ್ತೆ ಜಪ ನಿಲ್ಲಿಸದೆ ಅಂದರು: "ಮೈಮ್ಯಾಲೇ ಒಣಗತದ. ನಡಿ, ಒಲಿ ಹಚ್ಚು."

ನಾನು ಗಂಡನ ಮುಖ ನೋಡಿದೆ. ಅವರು ರಜಾಯಿಯೊಳಗಿಂದಲೇ, "ಅವ್ವ ಹೇಳಿದಂಗ ಮಾಡು. ಒಲಿ ಮುಂದ ಕೂತರ ಯಾವ ಚಳಿ?" ಅಂದರು. ಆ ಬೆಳಿಗ್ಗೆ ಇಬ್ಬರ ಮಾತನ್ನೂ ನಾನು ಮನಸ್ಸಿನಲ್ಲಿ ಗಂಟು ಹಾಕಿ ಇಟ್ಟುಕೊಂಡೆ. ಇವರಿಗೆ ಇದೇ ಚಳಿಯ ರುಚಿ ತೋರಿಸದೆ ನಾನು ಸಾಯುವುದಿಲ್ಲ ಎಂದುಕೊಂಡೆ.

ಮುಂದಿನ ಮಳೆಗಾಲದಲ್ಲಿ ಗಂಡನಿಗೆ ಹೆಚ್ಚಿನ ಓದಿಗಾಗಿ ವಿಲಾಯತಿಗೆ ಹೋಗುವ ಯೋಗ ಬಂತು. ಅವರ ಕಾಲೇಜಿನ ಸಾಹೇಬನೊಬ್ಬ ಎಲ್ಲ ವ್ಯವಸ್ಥೆ ಮಾಡಿದ್ದ. ಆ ಸಾಹೇಬನ ಮನೆ ಅಲ್ಲಿಯ ಉತ್ತರದ ಸಮುದ್ರದ ದಂಡೆಯ ಮೇಲಂತೆ. ರಜೆಯಲ್ಲಿ ಅಲ್ಲಿಗೆ ಬಾ, ತೆರೆಯೊಳಗೆ ನಿಂತು ಗಾಳ ಹಾಕಿ ಮೀನು ಹಿಡಿಯೋಣ ಎಂದು ಕರೆದಿದ್ದನಂತೆ. ಸಂಧ್ಯಾವಂದನೆ ತಪ್ಪಿಸದ, ಈರುಳ್ಳಿ ಮುಟ್ಟದ ನನ್ನ ಗಂಡ ಹ್ಞೂಂ ಎಂದು ಬಂದಿದ್ದರು!

"ಅವ್ವಗ ಹೇಳಬ್ಯಾಡ ಮತ್ತ," ಎಂದು ಪಿಸುಗುಟ್ಟಿದರು. "ನಾ ಏನು ತಿನ್ನಾಂವ ಅಲ್ಲ. ಹಿಡದು ಬಿಟ್ಟಬಿಡ್ತೀನಿ."

ಬಿಟ್ಟಬಿಡುತ್ತಾರಂತೆ. ಮೀನಿಗೆ ಇವರ ಮಡಿ ತಿಳಿಯಬೇಕಲ್ಲ.

ಅವರಿಗೆ ಮೀನಿನ ಚಿಂತೆಯಿರಲಿಲ್ಲ, ಬಟ್ಟೆಯ ಚಿಂತೆಯಿತ್ತು. ಅತ್ತೆ ಪುರಾಣ ಕೇಳಲು ಹೋದ ಮಧ್ಯಾಹ್ನ ಇದ್ದಬದ್ದ ಬಟ್ಟೆಯನ್ನೆಲ್ಲ ಹಾಸಿಗೆಯ ಮೇಲೆ ಹರವಿ ನನ್ನನ್ನು ಕರೆದರು. ಹತ್ತಿಯ ಬನಿಯನ್, ದಪ್ಪ ಖಾದಿಯ ಅಂಗಿ, ಮದುವೆಯ ರೇಷ್ಮೆ, ಸಾಹೇಬರ ದಂಡು ಇರುವ ಕ್ಯಾಂಪಿನಲ್ಲಿ ಹೊಲಿಸಿದ ಸೂಟು. ಮೊಣಕಾಲು ದಾಟುವ ರಬ್ಬರಿನ ಬೂಟು, ಮೇಲೆ ಹಾಕುವ ಎಣ್ಣೆಬಟ್ಟೆಯ ಕೋಟು ಸಾಹೇಬ ಕೊಡುತ್ತಾನೆ, ಒಳಗೆ ಏನು ಹಾಕಬೇಕು ಎಂಬುದೇ ಪ್ರಶ್ನೆ.

ನಾನು ಖಾದಿಯ ಅಂಗಿಯನ್ನು ಮುಟ್ಟಿದೆ. ಅವರು ಛೇ ಛೇ ಎಂದು ತಲೆಯಾಡಿಸಿದರು.

"ಹತ್ತಿ ಬ್ಯಾಡೇ ಬ್ಯಾಡ. ತೆರಿ ಹೊಡದು ಒಳಗ ನೀರು ಹೊಕ್ಕಿತಂದ್ರ, ಒದ್ದಿ ಹತ್ತಿ ಮೈಯಾಗಿನ ಕಾವೆಲ್ಲಾ ಹೀರಿಬಿಡತದ. ಮನಷ್ಯಾ ನಿಂತಲ್ಲೇ ಸೆಟದು ಹೋಗ್ತಾನ. ಉಣ್ಣಿ ಒದ್ದಿ ಆದರೂ ಬೆಚ್ಚಗ ಇಡತದ. ಇದು ವಿಜ್ಞಾನ."

ಕೈಯಲ್ಲಿದ್ದ ಅಂಗಿಯನ್ನು ನಾನು ಬಿಡಲಿಲ್ಲ. ಒದ್ದೆ ಹತ್ತಿ ಏನು ಮಾಡುತ್ತದೆಂದು ಈ ಮನುಷ್ಯನಿಗೆ ಗೊತ್ತಿತ್ತು. ಗೊತ್ತಿದ್ದೂ ರಜಾಯಿಯೊಳಗೆ ಮಲಗಿ, ಯಾವ ಚಳಿ ಎಂದು ಕೇಳಿದ್ದರು. ಅಲ್ಲಿಯವರೆಗೆ ತಿಳಿಯದ ಗಂಡಸು ಎಂದುಕೊಂಡು ನಾನು ಸ್ವಲ್ಪ ಮಾಫಿ ಕೊಟ್ಟಿದ್ದೆ. ಅದನ್ನು ಆ ಕ್ಷಣವೇ ವಾಪಸ್ಸು ತೆಗೆದುಕೊಂಡೆ.

ಪೆಟ್ಟಿಗೆ ಕಟ್ಟುವವಳು ನಾನೇ. ಉಣ್ಣೆ ಇಟ್ಟಿದ್ದೇನೆ ಎಂದು ಹೇಳಿ ಹತ್ತಿ ಇಟ್ಟರೆ, ಸಮುದ್ರದ ನಡುವೆ ನಿಂತು ನನ್ನ ನೆನಪು ತೆಗೆಯುತ್ತಿದ್ದರು. ಎರಡು ದಿನ ಅದೇ ಯೋಚನೆಯಲ್ಲಿ ಖುಷಿಯಾಗಿದ್ದೆ. ಆದರೆ ಅವರ ನಡುಕ ಒಂದು ದಿನದ್ದು. ದಂಡೆಗೆ ಬಂದು ಬೆಂಕಿ ಕಾಯಿಸಿಕೊಳ್ಳುತ್ತಾರೆ. ನನ್ನ ಬಾವಿಯ ನೀರು ಮಾತ್ರ ಹಾಗೆಯೇ ಉಳಿಯುತ್ತದೆ. ಇಂಥ ಸೇಡು ಕಟ್ಟಿಕೊಂಡು ಏನು ಮಾಡಲಿ?

ಅಷ್ಟರಲ್ಲಿ ಅವರು ಕ್ಯಾಂಪಿನಿಂದ ಉಣ್ಣೆಯ ಬನಿಯನ್ ತಂದು ಹಾಕಿಕೊಂಡು ನೋಡಿದರು. ಮೈಯೆಲ್ಲ ತುರಿಸಿ ಗಂಧೆ ಎದ್ದಿತು. ಚುಚ್ಚದ ಉಣ್ಣೆ ಎಲ್ಲಿ ಸಿಕ್ಕೀತು ಎಂದು ಪೇಚಾಡುತ್ತಿದ್ದಾಗ ನಾನು ಗೂಟದ ಕಡೆ ನೋಡಿದೆ. ವರ್ಷಗಟ್ಟಲೆ ಉಟ್ಟು ಉಟ್ಟು ಆ ಧಾಬಳಿ ಮಗುವಿನ ಕೆನ್ನೆಯಷ್ಟು ಮೆತ್ತಗಾಗಿತ್ತು.

"ಅತ್ಯಾರ ಧಾಬಳಿ ಅದಲ್ಲರೀ," ಅಂದೆ.

ಅವರು ತಾಯಿಯ ಹತ್ತಿರ ಹೋಗಿ ಏನು ಹೇಳಿದರು ಗೊತ್ತೇ? ಅಲ್ಲಿಯ ಚಳಿಯಲ್ಲಿ ಸಂಧ್ಯಾವಂದನೆ ತಪ್ಪಬಾರದು, ಅದಕ್ಕೆ ಮಡಿಯ ಉಣ್ಣೆಯ ಒಳಅಂಗಿ ಬೇಕು ಎಂದರು. ಅತ್ತೆಯ ಕಣ್ಣಲ್ಲಿ ನೀರು ಬಂತು. ಸಮುದ್ರ ದಾಟುವ ಮಗ ಧರ್ಮ ಬಿಡುವುದಿಲ್ಲ ಎಂಬ ಹೆಮ್ಮೆಯಿಂದ ಧಾಬಳಿಯನ್ನು ತಾವೇ ಗೂಟದಿಂದ ಇಳಿಸಿ ನನ್ನ ಕೈಗೆ ಕೊಟ್ಟರು. ನಾನು ಕತ್ತರಿ ಹಾಕಿದೆ. ಹಾಗೆ ಸಮಾಧಾನದಿಂದ ನಾನು ಜನ್ಮದಲ್ಲಿ ಮತ್ತೇನನ್ನೂ ಕತ್ತರಿಸಿಲ್ಲ. ತೋಳಿನ ಬನಿಯನ್, ಕಾಲು ಮುಚ್ಚುವ ಚಣ್ಣ, ಉಳಿದ ತುಂಡಿನಲ್ಲಿ ಎರಡು ಕಾಲುಚೀಲ. ಮತ್ತೆ ಜೋಡಿಸಲು ಬರುವಂಥ ಒಂದು ಚೂರನ್ನೂ ಉಳಿಸಲಿಲ್ಲ.

ಗಂಡ ಹಡಗು ಹತ್ತಿದರು. ದೀಪಾವಳಿ ಕಳೆದು ಚಳಿ ಬಂತು. ಹೊಸ ಧಾಬಳಿ ತರಿಸುತ್ತೇನೆಂದು ಅತ್ತೆ ಊರಿಗೆ ಹೇಳಿ ಕಳಿಸಿದ್ದರು, ಇನ್ನೂ ಬಂದಿರಲಿಲ್ಲ. ಅಂಗಳದಲ್ಲಿ ಒಣಗಿದ್ದು ಮಡಿಯಲ್ಲವೆಂದು ಇಡೀ ವಾಡೆಗೆ ಸಾರಿದವರು ಈಗ ಮಾತು ತಿರುಗಿಸುವಂತಿರಲಿಲ್ಲ. ಮೊದಲ ಬೆಳಿಗ್ಗೆ ಒದ್ದೆ ಸೀರೆಯಲ್ಲಿ ದೇವರ ಮುಂದೆ ನಿಂತು ನಡುಗುತ್ತ, "ಹೋಗ್ಲಿ, ನನ್ನ ಧಾಬಳಿ ಅಲ್ಲಿ ಮಗನ ಸಂಧ್ಯಾವಂದನಿಗೆ ಆತಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು.

ಇದಕ್ಕಾಗಿಯೇ ನಾನು ಕಾದಿದ್ದೆ.

"ಸಂಧ್ಯಾವಂದನಿಗೆ ಅಲ್ಲರಿ ಅತ್ಯಾರ. ಸಮುದ್ರದಾಗ ನಿಂತು ಮೀನ ಹಿಡೀಲಿಕ್ಕೆ."

ಎಲ್ಲವನ್ನೂ ಬಿಡಿಸಿ ಹೇಳಿದೆ. ಗಾಳ, ತೆರೆ, ಸಾಹೇಬ, ಯಾವುದನ್ನೂ ಬಿಡಲಿಲ್ಲ. ಅವರ ಕೈಯ ಜಪಸರ ನಿಂತಿತು. ನಾನು ಹೊರಗೆ ಬಾಯಿ ಬಿಟ್ಟರೆ ಮಗನನ್ನು ಯಾರೂ ಪಂಕ್ತಿಯಲ್ಲಿ ಕೂರಿಸುವುದಿಲ್ಲ ಎಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ನಾನು ಒಳಗೆ ಹೋಗಿ, ಗಳದಿಂದ ತಂದ ಒಣ ಸೀರೆ ಉಟ್ಟುಕೊಂಡು ಬಂದೆ. ಅವರು ಅದನ್ನು ನೋಡಿದರು, ಬೇಡವೆನ್ನಲಿಲ್ಲ. ಅಂದಿನಿಂದ ಆ ಮನೆಯಲ್ಲಿ ನಾನು ಒದ್ದೆ ಬಟ್ಟೆ ಉಡಲಿಲ್ಲ. ಗಂಡನಿಗೆ ಮೀನು ಸಿಕ್ಕಿತೋ ಇಲ್ಲವೋ, ಅದನ್ನು ನಾನು ಕೊನೆಗೂ ಕೇಳಲಿಲ್ಲ.

ಆದರೆ ಆ ಬೆಳಗಿನ ಮಾತು ಇನ್ನೂ ಸ್ವಲ್ಪ ಉಳಿದಿತ್ತು. ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದರು. ಅವರ ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಗಳದ ಮೇಲೆ ಅವರದೂ ಒಂದು ಒಣಗಿದ ಸೀರೆಯಿತ್ತು, ಅವರು ಆ ಕಡೆಗೇ ನೋಡುತ್ತಿದ್ದರು.

"ಚಳಿ ಭಾಳ ಅದ," ಅಂದರು, ನನ್ನ ಅಪ್ಪಣೆ ಕೇಳುವವರ ಹಾಗೆ.

"ಮೈಮ್ಯಾಲೇ ಒಣಗತದ್ರಿ," ಅಂದೆ. "ನಡೀರಿ, ಒಲಿ ಹಚ್ಚರಿ."