ನನ್ನ ಪಾಲಿನ ಚಪ್ಪಾಳೆ

ಮಣಿಪಾಲದಲ್ಲಿ ನಮ್ಮ ಸಮುದಾಯ ಕಾಲೇಜಿನ ಪದವಿ ಪ್ರದಾನದ ದಿನ, ಬಾಡಿಗೆಯ ಗೌನು ಹಾಕಿಕೊಂಡು ಸಭಾಂಗಣದ ಹೊರಗೆ ನಿಂತಿದ್ದೆ. ಹೆಗಲಿನ ಕೆಂಪು ಪಟ್ಟಿ ಜಾರುತ್ತಲೇ ಇತ್ತು. ಉಳಿದವರಿಗೆ ಅದನ್ನು ಸರಿಮಾಡಲು ಅಮ್ಮನೋ ಅಕ್ಕನೋ ಇದ್ದರು. ಪರ್ಕಳದ ಕೋಣೆಯಿಂದ ನಾನೊಬ್ಬಳೇ ಬಂದಿದ್ದೆ.

ಮಗನ ಜೊತೆ ಕಟಪಾಡಿಯಿಂದ ಬಂದಿದ್ದ ಬ್ಯಾರಿ ಹೆಂಗಸೊಬ್ಬರು ತಮ್ಮ ತಲೆಯ ಶಾಲಿನಿಂದ ಪಿನ್ನು ತೆಗೆದು ನನ್ನ ಪಟ್ಟಿಗೆ ಚುಚ್ಚಿದರು.

"ನಿನ್ನ ಮನೆಯವರು ಎಲ್ಲಿ ಕೂತಿದ್ದಾರೆ ಮಗಳೇ?"

"ಯಾರೂ ಬರಲಿಲ್ಲ."

ಅವರು ಪಟ್ಟಿಯನ್ನು ಇನ್ನೊಮ್ಮೆ ನೇರ ಮಾಡಿದರು. "ಹೆಸರು ಎಂತ?"

"ಶ್ವೇತಾ."

"ನಿನ್ನ ಹೆಸರು ಕರೆಯುವಾಗ ನಾನು ಚಪ್ಪಾಳೆ ಹೊಡೆಯುತ್ತೇನೆ."

ನಮ್ಮಲ್ಲಿ ಶ್ವೇತಾ ಇಬ್ಬರು ಎಂದು ಹೇಳಲು ನನಗೆ ನೆನಪಾಗಲಿಲ್ಲ. ಮೊದಲು ಕರೆದದ್ದು ಇನ್ನೊಬ್ಬಳನ್ನು. ಹಿಂದಿನ ಸಾಲಿನಿಂದ ಒಂದು ಚಪ್ಪಾಳೆ, ಅವಳ ಮನೆಯವರೆಲ್ಲ ನಿಲ್ಲಿಸಿದ ಮೇಲೂ ಮುಂದುವರಿಯಿತು. ಗೌನು, ಟೋಪಿ ಹಾಕಿದ ಮೇಲೆ ದೂರದಿಂದ ನಾವೆಲ್ಲ ಒಂದೇ ತರ ಅಲ್ವಾ. ನನ್ನ ಸರದಿ ಬಂದಾಗ ವೇದಿಕೆಯಲ್ಲಿ ನನ್ನ ಚಪ್ಪಲಿಯ ಸದ್ದೇ ದೊಡ್ಡದಾಗಿತ್ತು.

ಆಮೇಲೆ ಪಿನ್ನು ವಾಪಸು ಕೊಡಲು ಹೋದಾಗ ಅವರು ಕೇಳಿದರು, "ನನ್ನ ಚಪ್ಪಾಳೆ ಕೇಳಿಸಿತಾ?"

"ಕೇಳಿಸಿತು" ಎಂದೆ. ಸುಳ್ಳೇನಲ್ಲ. ಆ ಇನ್ನೊಬ್ಬಳಿಗಿಂತ ಚೆನ್ನಾಗಿ ನನಗೇ ಕೇಳಿಸಿತ್ತು.